ದೆವ್ವ ಹೇಳಿದ್ದನ್ನು ಸ್ಟೇಷನ್ನಿನಲ್ಲಿ ಯಾರ ಹೆಸರಲ್ಲಿ ಬರೆಯೋದು?

ಪ್ರಶ್ನೆ: ಪ್ಯಾರಾನಾರ್ಮಲ್ ಕ್ರೈಂ ಥ್ರಿಲ್ಲರ್ ಬರೆಯುತ್ತಿದ್ದೇನೆ. ನಾಯಕ ಸಂಡೂರು ಕಡೆಯ ಒಬ್ಬ ಪಿಎಸ್‌ಐ. ಸತ್ತವರು ಅವನಿಗೆ ಕಾಣಿಸುತ್ತಾರೆ, ಅವನ ಜೊತೆ ಮಾತಾಡುತ್ತಾರೆ. ಅವನಿಗೆ ಗ್ರೇ ಶೇಡ್ ಇರಲಿ, ಅಂದರೆ ಪೂರ್ತಿ ಒಳ್ಳೆಯವನೂ ಪೂರ್ತಿ ಕೆಟ್ಟವನೂ ಆಗದಿರಲಿ ಅಂತ ಕುಡಿತ, ಸಿಟ್ಟು, ಸಣ್ಣಪುಟ್ಟ ಮಾಮೂಲು ಎಲ್ಲ ಸೇರಿಸಿದೆ. ಓದಿದ ಗೆಳೆಯರು ‘ಇವನು ಒಳ್ಳೆಯವನೇ, ಸುಮ್ನೆ ಕುಡೀತಾನೆ ಅಷ್ಟೇ’ ಅಂದರು. ಎಲ್ಲಿ ಎಡವಿದ್ದೇನೆ?
— ಓದುಗರೊಬ್ಬರು, ಬಳ್ಳಾರಿ

ಉತ್ತರ: ನಿಮ್ಮ ಗೆಳೆಯರು ಸರಿಯಾಗಿಯೇ ಹಿಡಿದಿದ್ದಾರೆ. ಕುಡಿತ, ಸಿಗರೇಟು, ಬಿಟ್ಟು ಹೋದ ಹೆಂಡತಿ ಇವೆಲ್ಲ ಈಗ ಥ್ರಿಲ್ಲರ್ ಪೊಲೀಸರ ಯೂನಿಫಾರ್ಮಿನ ಭಾಗವೇ ಆಗಿಬಿಟ್ಟಿವೆ. ಅವುಗಳಿಂದ ಕಥೆಯಲ್ಲಿ ಯಾರಿಗೂ ಏನೂ ಆಗುವುದಿಲ್ಲ. ನಾಯಕ ತಿಳಿದೂ ತಿಳಿದೂ ಒಬ್ಬರಿಗೆ ಅನ್ಯಾಯ ಮಾಡಬೇಕು. ಅದನ್ನು ಓದಿದವರು ‘ನಾನಾಗಿದ್ದರೆ ಏನು ಮಾಡುತ್ತಿದ್ದೆ’ ಅಂತ ತಡವರಿಸಬೇಕು. ಗ್ರೇ ಶೇಡ್ ಶುರುವಾಗುವುದು ಅಲ್ಲಿ.

ಅದಕ್ಕೆ ಬೇಕಾದ ಸರಕು ನಿಮ್ಮ ಕೈಯಲ್ಲೇ ಇದೆ. ಆ ದೆವ್ವವನ್ನು ನೀವು ಬರೀ ಸುಳಿವು ಕೊಡಲು ಬಳಸಿದ್ದೀರಿ, ಅಷ್ಟೇ. ಒಂದು ಸನ್ನಿವೇಶ ಕಟ್ಟಿ ನೋಡೋಣ. ಕೆಲಸ ನಿಂತುಹೋದ ಗಣಿಯ ಗುಂಡಿ, ಅದರ ತುಂಬ ಮಳೆನೀರು. ಅದರಲ್ಲಿ ಒಬ್ಬ ಕೂಲಿಯ ಹೆಣ ತೇಲಿದೆ. ಸ್ಟೇಷನ್ನಿನಲ್ಲಿ ಯುಡಿಆರ್ ಆಗಿದೆ, ಅಂದರೆ ಅಸಹಜ ಸಾವು ಅಂತ ದಾಖಲಾಗಿದೆ. ಕಾಲು ಜಾರಿ ಬಿದ್ದ ಅಂತ ಇನ್ನೇನು ಫೈಲು ಮುಚ್ಚಬೇಕು. ಆ ರಾತ್ರಿ ಸತ್ತವನು ಬಂದು, ‘ಮೇಸ್ತ್ರಿ ಹೊಡೆದ. ರಾಡನ್ನು ಲಾರಿ ತೂಗುವ ಹಳೇ ವೇಬ್ರಿಡ್ಜ್ ಹಿಂದೆ ಹೂತಿದ್ದಾನೆ’ ಅನ್ನುತ್ತಾನೆ. ಬೆಳಿಗ್ಗೆ ಅಗೆಸಿದರೆ ರಾಡು ಸಿಗುತ್ತದೆ. ಸ್ಟೇಷನ್ ರೈಟರ್ ಪೆನ್ನು ಹಿಡಿದು ಕೇಳುತ್ತಾನೆ: ‘ಸಾಹೇಬ್ರ, ಇದು ಇಲ್ಲಿ ಐತಿ ಅಂತ ಯಾರ್ ಹೇಳಿದ್ರು ಅಂತ ಬರೀಲಿ?’

ಈ ಪ್ರಶ್ನೆಯೇ ನಿಮ್ಮ ಕಾದಂಬರಿ.

ಕಾನೂನು ಏನು ಹೇಳುತ್ತದೆ ನೋಡಿ. ಆರೋಪಿ ಪೊಲೀಸರ ಮುಂದೆ ತಪ್ಪೊಪ್ಪಿಕೊಂಡರೆ ಅದು ಕೋರ್ಟಿನಲ್ಲಿ ನಡೆಯುವುದಿಲ್ಲ. ಆದರೆ ಕಸ್ಟಡಿಯಲ್ಲಿದ್ದವನು ಕೊಟ್ಟ ಮಾಹಿತಿಯಿಂದ ಏನಾದರೂ ಸಿಕ್ಕರೆ, ಆ ವಸ್ತುವಿಗೆ ಸಂಬಂಧಪಟ್ಟಷ್ಟು ಮಾತನ್ನು ಸಾಕ್ಷ್ಯವಾಗಿ ತರಬಹುದು. ಹಿಂದೆ ಇದು ಸಾಕ್ಷ್ಯ ಕಾಯ್ದೆಯ 27ನೇ ಸೆಕ್ಷನ್ನಿನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ನಿನಲ್ಲಿದೆ. ಹಾಗಾಗಿ ನಿಮ್ಮ ಪಿಎಸ್‌ಐಗೆ ಸುಲಭದ ದಾರಿ ಒಂದೇ. ರಾಡನ್ನು ಇದ್ದಲ್ಲೇ ಮತ್ತೆ ಹೂಳುವುದು. ಮೇಸ್ತ್ರಿಯನ್ನು ಹಿಡಿದು ತಂದು, ಅವನೇ ‘ತೋರಿಸುತ್ತೇನೆ’ ಅಂದ ಅಂತ ಸ್ವಇಚ್ಛಾ ಹೇಳಿಕೆ ಬರೆಯುವುದು. ಆಮೇಲೆ ಪಂಚರ, ಅಂದರೆ ಸ್ಥಳದಲ್ಲಿ ನೋಡಿ ಸಹಿ ಹಾಕುವ ಸಾಕ್ಷಿಗಳ ಮುಂದೆ ಇನ್ನೊಮ್ಮೆ ಅಗೆಯುವುದು. ನಿಜವನ್ನು ಸಾಬೀತು ಮಾಡಲು ಅವನು ಮೊದಲಿನಿಂದ ಕೊನೆಯವರೆಗೆ ಸುಳ್ಳು ಕಾಗದ ಹುಟ್ಟಿಸಬೇಕು. ಸುಳ್ಳು ಸಾಕ್ಷ್ಯ ಹುಟ್ಟಿಸುವುದು ತಾನೇ ಒಂದು ಅಪರಾಧ ಅನ್ನುವುದು ಅವನಿಗೂ ಗೊತ್ತು, ರೈಟರಿಗೂ ಗೊತ್ತು.

ಇಲ್ಲಿ ಕಥೆ ಯಾವ ವರ್ಷ ನಡೆಯುತ್ತದೆ ಅನ್ನುವುದು ಬಹಳ ಮುಖ್ಯ. 2009 ಅಂತ ಇಟ್ಟುಕೊಂಡರೆ, ಕರೆದಾಗ ಬಂದು ಸಹಿ ಹಾಕುವ ಇಬ್ಬರು ಪಂಚರು ಸಾಕು. 2025 ಅಂತ ಇಟ್ಟುಕೊಂಡರೆ, ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ಶೋಧ ಮತ್ತು ಜಪ್ತಿಯನ್ನು ವಿಡಿಯೋ ಮಾಡಲೇಬೇಕು. ಅಂದರೆ ಬಾಯಿಬಿಡದ ಮನುಷ್ಯನೊಬ್ಬ ಮೊಬೈಲ್ ಕ್ಯಾಮೆರಾ ಮುಂದೆ ತಾನಾಗಿಯೇ ಜಾಗ ತೋರಿಸುವಂತೆ ಮಾಡಬೇಕು. ಹೇಗೆ ಒಪ್ಪಿಸುತ್ತಾನೆ? ಹೊಡೆದಾ? ಮಗನ ಕೆಲಸದ ಹೆಸರು ಹೇಳಿ ಹೆದರಿಸಿಯಾ? ಅದನ್ನು ಒಂದು ಸಾಲಿನಲ್ಲಿ ದಾಟಿಸಬೇಡಿ. ಇಡೀ ಅಧ್ಯಾಯ ಕೊಡಿ. ನಿಮ್ಮ ಹಸ್ತಪ್ರತಿಯಲ್ಲಿ ಕುಡಿತಕ್ಕೆ ಹೋಗಿರುವ ಪುಟಗಳನ್ನೆಲ್ಲ ಇಲ್ಲಿಗೆ ತಂದು ಸುರಿಯಿರಿ.

ಇನ್ನೊಂದು ಮಾತು. ಬಳ್ಳಾರಿಯಲ್ಲಿ ಗಣಿಯ ಕಥೆ ಬರೆಯುವಾಗ ಯಾರ ಬಟ್ಟೆಗೆ ಕೆಂಪು ಧೂಳು ಹತ್ತಿಲ್ಲ ಅಂತ ಹುಡುಕುವುದೇ ಕಷ್ಟ, ಅಲ್ವಾ? 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಕಾಡಿಗೆ ಅದು ಒಳ್ಳೆಯದೇ ಆಯಿತು. ಸಾಲ ಮಾಡಿ ಲಾರಿ ತಂದವನ ಮನೆಯಲ್ಲಿ ಮಾತ್ರ ಅವತ್ತು ಒಲೆ ಉರಿಯಲಿಲ್ಲ. ನಿಮ್ಮ ಪಿಎಸ್‌ಐಗೆ ಅಂಥ ಒಬ್ಬ ಅಣ್ಣನನ್ನು ಕೊಡಿ. ಅಣ್ಣನ ಲಾರಿ ಪರ್ಮಿಟ್ ಇಲ್ಲದೆ ಅದಿರು ಹೊಡೆದಿದೆ, ಅದರ ಚಕ್ರಕ್ಕೆ ಒಬ್ಬಳು ಸಿಕ್ಕಿ ಸತ್ತಿದ್ದಾಳೆ. ಅವಳೂ ರಾತ್ರಿ ಬರುತ್ತಾಳೆ. ಕೂಲಿಯ ಸಾವಿಗೆ ನ್ಯಾಯ ಕೊಡಿಸಲು ಇಷ್ಟೆಲ್ಲ ಒದ್ದಾಡುವ ನಾಯಕ, ಅವಳು ಮಾತಾಡಿದರೆ ಕೇಳಿಸಲಿಲ್ಲ ಅನ್ನುವ ಹಾಗೆ ಗೋಡೆ ಕಡೆ ತಿರುಗಿ ಮಲಗಲಿ. ಇದನ್ನು ಓದಿದ ಮೇಲೆ ಯಾರೂ ‘ಒಳ್ಳೆಯವನೇ, ಸುಮ್ನೆ ಕುಡೀತಾನೆ’ ಅನ್ನುವುದಿಲ್ಲ.

ಪ್ರಶ್ನೆ: ಮನುಷ್ಯರ ಪಾತ್ರಗಳೇನೋ ಸರಿ. ದೆವ್ವಕ್ಕೂ ಗ್ರೇ ಶೇಡ್ ಕೊಡಬಹುದಾ? ನನ್ನ ಕಥೆಯಲ್ಲಿ ಅದು ಬರೀ ಸೇಡು ತೀರಿಸಿಕೊಳ್ಳುತ್ತಾ ಹೋಗುತ್ತದೆ, ನನಗೇ ಬೇಜಾರಾಗಿದೆ.
— ಓದುಗರೊಬ್ಬರು, ಲಿಂಗಸುಗೂರು

ಉತ್ತರ: ಕೊಡಬಹುದು. ಮೊದಲು ಅದಕ್ಕೆ ಎಲ್ಲವೂ ಗೊತ್ತಿರುವುದನ್ನು ನಿಲ್ಲಿಸಿ. ಸತ್ತ ತಕ್ಷಣ ಮನುಷ್ಯ ಸರ್ವಜ್ಞ ಆಗಿಬಿಡುತ್ತಾನೆ ಅನ್ನುವುದು ನಮ್ಮ ಥ್ರಿಲ್ಲರುಗಳ ದೊಡ್ಡ ಸೋಮಾರಿತನ. ಮೇಲಿನ ಉತ್ತರದ ಕೂಲಿಯನ್ನೇ ತಗೊಳ್ಳಿ. ಪೆಟ್ಟು ಬಿದ್ದದ್ದು ಹಿಂದಿನಿಂದ. ರಾಡು ಹೂಳುವುದು ಕತ್ತಲಲ್ಲಿ ಕಂಡಿರಬಹುದು, ಆದರೆ ಹೊಡೆದವನ ಮುಖವನ್ನು ಅವನು ನೋಡಿದ್ದು ಯಾವಾಗ? ಬಟವಾಡೆಯ ವಿಷಯಕ್ಕೆ ಮೇಸ್ತ್ರಿಯ ಜೊತೆ ಜಗಳ ಆಗಿತ್ತು, ಅವನೇ ಇರಬೇಕು ಅಂದುಕೊಂಡ. ಅವತ್ತು ತಾನು ಅಲ್ಲಿಗೆ ಹೋದದ್ದು ಡೀಸೆಲ್ ಕದಿಯಲು ಅನ್ನುವುದನ್ನು ಮಾತ್ರ ಹೇಳಲಿಲ್ಲ. ಯಾಕೆಂದರೆ ಕಳ್ಳ ಅಂತಾದರೆ ಹೆಂಡತಿಗೆ ಪರಿಹಾರ ಸಿಗುವುದಿಲ್ಲ. ಈ ದೆವ್ವದ ಮೇಲೆ ನಿಮಗೆ ಸಿಟ್ಟು ಬರುತ್ತದಾ? ನನಗಂತೂ ಬರುವುದಿಲ್ಲ. ಆದರೆ ಅದರ ಮಾತು ನಂಬಿ ಒಬ್ಬ ಮೇಸ್ತ್ರಿ ಜೈಲು ಸೇರಿದ್ದಾನೆ.

ನಿಜವಾಗಿ ನಡೆದ ಒಂದು ಕೇಸು ಹೇಳುತ್ತೇನೆ. ಅಮೆರಿಕದ ವೆಸ್ಟ್ ವರ್ಜೀನಿಯಾದ ಗ್ರೀನ್‌ಬ್ರೈಯರ್ ಕೌಂಟಿ, 1897. ಜೋನಾ ಹೀಸ್ಟರ್ ಶೂ ಅನ್ನುವ ಹೊಸದಾಗಿ ಮದುವೆಯಾದ ಹೆಂಗಸು ಜನವರಿಯಲ್ಲಿ ಸತ್ತಳು. ಸಹಜ ಸಾವು ಅಂತ ಹೂತರು. ಆಮೇಲೆ ಅವಳ ತಾಯಿ ಮೇರಿ ಜೇನ್, ಮಗಳು ನಾಲ್ಕು ರಾತ್ರಿ ಬಂದು ‘ಗಂಡ ನನ್ನ ಕತ್ತು ಮುರಿದ’ ಅಂದಳು ಎಂದು ಸರ್ಕಾರಿ ವಕೀಲರ ಹತ್ತಿರ ಹೋದಳು. ಹೆಣ ಹೊರತೆಗೆದು ನೋಡಿದರೆ ಕತ್ತು ಮುರಿದಿತ್ತು. ಗಂಡನಿಗೆ ಜೀವಾವಧಿ ಶಿಕ್ಷೆಯಾಯಿತು. 1900ರಲ್ಲಿ ಅವನು ಜೈಲಿನಲ್ಲೇ ಸತ್ತ. ವಿಚಾರಣೆಯಲ್ಲಿ ಸರ್ಕಾರಿ ವಕೀಲರು ದೆವ್ವದ ಸುದ್ದಿಯನ್ನೇ ಎತ್ತಲಿಲ್ಲ. ತಾಯಿಯನ್ನು ನಗೆಪಾಟಲು ಮಾಡೋಣ ಅಂತ ಎತ್ತಿದ್ದು ಆರೋಪಿಯ ಪರ ವಕೀಲ. ಅವಳು ಒಂಚೂರೂ ಅಲುಗಲಿಲ್ಲ.

ನನಗೆ ಇದರಲ್ಲಿ ಹಿಡಿಸುವುದು ದೆವ್ವಕ್ಕಿಂತ ಆ ತಾಯಿ. ಅಳಿಯನ ಮೇಲೆ ಅವಳಿಗೆ ಮೊದಲಿನಿಂದಲೂ ಅನುಮಾನ ಇತ್ತು. ಮಗಳು ನಿಜವಾಗಿ ಬಂದಳಾ, ಅಥವಾ ಸುಮ್ಮನೆ ಹೇಳಿದರೆ ಯಾರೂ ಕೇಳುವುದಿಲ್ಲ ಅಂತ ಮಗಳ ಬಾಯಲ್ಲಿ ಹೇಳಿಸಿದಳಾ? ಇಂಥ ತಾಯಿಯೊಬ್ಬಳನ್ನು ಹಟ್ಟಿ ಚಿನ್ನದ ಗಣಿಯ ಪಕ್ಕದ ಹಳ್ಳಿಯಲ್ಲಿ ಕಲ್ಪಿಸಿಕೊಳ್ಳಿ. ದೂರು ಕೊಡಲು ಹೋದರೆ ‘ನಾಳೆ ಬಾ ಯಮ್ಮ’ ಅಂತ ಕಳಿಸುತ್ತಾರೆ. ಅಮಾವಾಸ್ಯೆ ದಿನ ಗುಡಿ ಮುಂದೆ ಅವಳ ಮೈಮೇಲೆ ಮಗಳು ಬರುತ್ತಾಳೆ. ಜನರೆಲ್ಲ ಸೇರಿರುವಾಗ ಅಳಿಯನ ಹೆಸರು ಹೇಳುತ್ತಾಳೆ. ಈಗ ಪೊಲೀಸರು ಕೇಳಲೇಬೇಕು. ಆದರೆ ಅವರು ಬರುವ ಮೊದಲೇ ಜನ ಅಳಿಯನ ಮನೆಗೆ ನುಗ್ಗಿರುತ್ತಾರೆ. ಮೈಮೇಲೆ ಬಂದದ್ದು ನಿಜವಾ, ನಾಟಕವಾ ಅನ್ನುವುದು ಅವಳಿಗೂ ಖಚಿತವಾಗಿ ಗೊತ್ತಿಲ್ಲದಿದ್ದರೆ ಇನ್ನೂ ಚೆನ್ನ.

ಕಾನೂನು ಸತ್ತವರ ಮಾತನ್ನು ಕೇಳುವುದೇ ಇಲ್ಲ ಅಂತೇನಿಲ್ಲ. ತನ್ನ ಸಾವಿಗೆ ಕಾರಣ ಏನು ಅಂತ ಹೇಳಿ ಸತ್ತರೆ, ಅದು ಮರಣಕಾಲದ ಹೇಳಿಕೆಯಾಗಿ ಕೋರ್ಟಿಗೆ ಬರುತ್ತದೆ. ಉಸಿರಿರುವಾಗಲೇ ಹೇಳಿರಬೇಕು, ಅಷ್ಟೇ. ನಿಮ್ಮ ದೆವ್ವ ಸ್ವಲ್ಪ ತಡ ಮಾಡಿದೆ!

ಪ್ರಶ್ನೆ: ನನ್ನ ಕಥೆಯಲ್ಲಿ ದೆವ್ವ ಬಿಡಿಸುವ ಹೆಂಗಸೊಬ್ಬಳು ಇದ್ದಾಳೆ. ಅವಳನ್ನು ವಿಲನ್ ಮಾಡಬೇಕೋ, ದೇವತೆ ಮಾಡಬೇಕೋ ತಿಳಿಯುತ್ತಿಲ್ಲ. ಹಿರೇಬೆಣಕಲ್ ಗುಡ್ಡದಲ್ಲಿ ಕ್ಲೈಮ್ಯಾಕ್ಸ್ ಇಟ್ಟಿದ್ದೇನೆ. ಮೂಢನಂಬಿಕೆಯ ಕಾನೂನು ಅಡ್ಡ ಬರುತ್ತದಾ?
— ಓದುಗರೊಬ್ಬರು, ಕೊಪ್ಪಳ

ಉತ್ತರ: ಕಾನೂನು ಕಾದಂಬರಿಗೆ ಅಡ್ಡ ಬರುವುದಿಲ್ಲ, ನಿಮ್ಮ ಪಾತ್ರಕ್ಕೆ ಬರುತ್ತದೆ. ಬರಲಿ ಬಿಡಿ, ಒಳ್ಳೆಯದೇ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯಲು ನಮ್ಮ ರಾಜ್ಯ 2017ರಲ್ಲಿ ಕಾಯ್ದೆ ಮಾಡಿತು. 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು ಅದರ ಪ್ರಕಾರ ಅಪರಾಧ. ಹೊಡೆದವರ ಉದ್ದೇಶ ಒಳ್ಳೆಯದಿತ್ತು ಅಂದರೂ ತಪ್ಪಿಸಿಕೊಳ್ಳುವಂತಿಲ್ಲ.

ಈಗ ನೋಡಿ. ಅತ್ತೆಮನೆಯಲ್ಲಿ ಯಾರೂ ಮಾತಾಡಿಸದ ಹುಡುಗಿಯನ್ನು ಈ ಹೆಂಗಸು ರಾತ್ರಿಯಿಡೀ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸುತ್ತಾಳೆ. ಎಷ್ಟೋ ಹುಡುಗಿಯರು ಅಷ್ಟರಿಂದಲೇ ಸುಧಾರಿಸಿಕೊಂಡಿದ್ದಾರೆ. ದುಡ್ಡನ್ನೂ ಅವಳು ಕೇಳುವುದಿಲ್ಲ. ಆದರೆ ಬೆತ್ತ ಹಿಡಿಯುತ್ತಾಳೆ. ಒಂದು ದಿನ ಪೆಟ್ಟು ಜಾಸ್ತಿ ಬಿದ್ದು ಹುಡುಗಿಯೊಬ್ಬಳು ಸಾಯುತ್ತಾಳೆ. ಮಾಮೂಲಿ ಕಾದಂಬರಿಯಾಗಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಿಮ್ಮ ಕಥೆಯಲ್ಲಿ ದೆವ್ವ ನಿಜವಾಗಿಯೂ ಇದೆಯಲ್ಲ! ಹುಡುಗಿಯೊಳಗೆ ಇನ್ನೊಬ್ಬಳು ಇದ್ದದ್ದು ನಿಜ, ಹೊಡೆದದ್ದೂ ನಿಜ. ಯಾವುದು ಹೆಚ್ಚು ಅನ್ನುವುದನ್ನು ನೀವು ತೀರ್ಮಾನಿಸಲು ಹೋಗಬೇಡಿ. ಸತ್ತ ಹುಡುಗಿಯ ಅವ್ವ ಬಂದು ಅವಳ ಕಾಲು ಹಿಡಿಯುತ್ತಾಳಾ, ಕಪಾಳಕ್ಕೆ ಹೊಡೆಯುತ್ತಾಳಾ ಅಂತ ಯೋಚಿಸಿ. ದಾರಿ ಅಲ್ಲಿ ಸಿಗುತ್ತದೆ.

ಒಂದು ಕಡೆ ಮಾತ್ರ ನಾನು ಗಟ್ಟಿಯಾಗಿ ಬೇಡ ಅನ್ನುತ್ತೇನೆ. ಮಾಟ ಮಾಡಿದಳು, ಬಾನಾಮತಿ ಮಾಡಿಸಿದಳು ಅಂತ ಊರವರು ಬೆರಳು ತೋರಿಸುವುದು ಹೆಚ್ಚಾಗಿ ಕೇಳುವವರಿಲ್ಲದ ಬಡವರ ಕಡೆಗೆ, ಒಂಟಿ ಹೆಂಗಸರ ಕಡೆಗೆ. ಕೊನೆಯಲ್ಲಿ ‘ಊರವರು ಹೇಳಿದ್ದೇ ಸರಿ, ಅವಳು ಮಾಟಗಾತಿಯೇ’ ಅಂತ ತೋರಿಸಿದರೆ ಅದು ಗ್ರೇ ಶೇಡ್ ಆಗುವುದಿಲ್ಲ, ಹೊಡೆದವರಿಗೆ ಕೊಟ್ಟ ಸರ್ಟಿಫಿಕೇಟ್ ಆಗುತ್ತದೆ.

ಹಿರೇಬೆಣಕಲ್ ಬಗ್ಗೆ: ಜಾಗ ಚೆನ್ನಾಗಿದೆ. ಬೃಹತ್ ಶಿಲಾಯುಗದ ನೂರಾರು ಕಲ್ಮನೆಗಳು (ಕಲ್ಲುಚಪ್ಪಡಿಯ ಸಮಾಧಿಗಳು), ಅವನ್ನು ಕಟ್ಟಿದವರು ಕುಳ್ಳ ಮೋರ್ಯರು ಅನ್ನುವ ಊರವರ ಕಥೆ, ಬಂಡೆಯ ಮೇಲಿನ ಕಲ್ಲಿನ ನಗಾರಿ. ಬಾರಿಸಿದರೆ ದೂರದವರೆಗೆ ಕೇಳುವ ಆ ನಗಾರಿಯನ್ನು ಕ್ಲೈಮ್ಯಾಕ್ಸಿಗೆ ಮಾತ್ರ ಇಟ್ಟುಕೊಳ್ಳಬೇಡಿ. ಮೊದಲೇ ಒಮ್ಮೆ, ಯಾವ ಹೆದರಿಕೆಯೂ ಇಲ್ಲದೆ, ದನ ಕಾಯುವ ಹುಡುಗನ ಕೈಯಲ್ಲಿ ಕೇಳಿಸಿಬಿಡಿ.

ಪ್ರಶ್ನೆ: ನನ್ನ ನಾಯಕ ಮೂರು ಕೊಲೆ ಮಾಡುತ್ತಾನೆ. ಮೂರೂ ಸಲ ದೆವ್ವ ಮೈಮೇಲೆ ಬಂದಿರುತ್ತದೆ. ಆದರೂ ಓದಿದವರಿಗೆ ಅವನು ತಟ್ಟುತ್ತಿಲ್ಲ. ಕೊಲೆಗಳ ಸಂಖ್ಯೆ ಜಾಸ್ತಿಯಾಯಿತಾ?
— ಓದುಗರೊಬ್ಬರು, ಮಾನ್ವಿ

ಉತ್ತರ: ಸಂಖ್ಯೆಯ ಸಮಸ್ಯೆ ಅಲ್ಲ. ಅವನು ಒಂದು ಕೊಲೆಯನ್ನೂ ಮಾಡಿಲ್ಲ, ಮಾಡಿದ್ದೆಲ್ಲ ದೆವ್ವ. ಹೊಣೆಯೇ ಇಲ್ಲದವನ ಬಗ್ಗೆ ಓದುಗ ಯಾಕೆ ತಲೆ ಕೆಡಿಸಿಕೊಳ್ಳಬೇಕು? ದೆವ್ವ ಹೇಳಲಿ, ಹೆದರಿಸಲಿ, ಆಸೆ ತೋರಿಸಲಿ. ಕೈ ಮಾತ್ರ ಅವನದೇ ಇರಬೇಕು.

ಇಡೀ ಕಥೆ ಕೆಡವಬೇಕಿಲ್ಲ. ಮೊದಲ ಕೊಲೆ ಈಗಿರುವಂತೆಯೇ ಇರಲಿ, ಅವನಿಗೆ ನೆನಪೇ ಇಲ್ಲ. ಎರಡನೆಯದರ ಹೊತ್ತಿಗೆ, ಯಾವ ಹೊತ್ತಿನಲ್ಲಿ, ಯಾವ ಜಾಗಕ್ಕೆ ಹೋದರೆ ಅದು ಮೈಮೇಲೆ ಬರುತ್ತದೆ ಅಂತ ಅವನಿಗೆ ತಿಳಿದಿರಲಿ. ಮೂರನೆಯವನು ಅವನ ಹೊಲದ ಬದು ಒತ್ತುವರಿ ಮಾಡಿದವನು. ಆವತ್ತು ನಾಯಕ ತಾನಾಗಿಯೇ ಆ ಜಾಗಕ್ಕೆ ಹೋಗಿ ಕೂರಲಿ. ಬಂದು ಎರಡು ತಾಸಾದರೂ ದೆವ್ವ ಬರದಿರಲಿ. ಆ ಅಧ್ಯಾಯ ಬರೆದಾದ ಮೇಲೆ ಇನ್ನೊಮ್ಮೆ ಓದಲು ಕೊಟ್ಟು ನೋಡಿ.