ಕೊನೆಯ ತಿರುವಿನಲ್ಲಿ ರಡ್ಡರ್ ಒತ್ತಿ ಮೂಗು ತಿರುಗಿಸಬೇಡಿ

ನಮಸ್ಕಾರ. ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಇಳಿಯುವ ಮೊದಲಿನ ಕೊನೆಯ ತಿರುವಿನಲ್ಲಿ ರನ್‌ವೇ ಸಾಲು ದಾಟಿಹೋಗುತ್ತಿದ್ದರೆ ರಡ್ಡರ್ (ಕಾಲಿನಿಂದ ಒತ್ತುವ ಬಾಲದ ಚುಕ್ಕಾಣಿ) ಒತ್ತಿ ಮೂಗನ್ನು ಒಳಕ್ಕೆ ತರಬಹುದೇ, ಎತ್ತರ ಹೆಚ್ಚಿದ್ದರೆ ಮೂಗು ತಗ್ಗಿಸಿದರೆ ಸಾಕೇ ಎಂದು ಕೇಳಿದ್ದೀರಿ. ದಯವಿಟ್ಟು ಎರಡೂ ಬೇಡ.

ರಡ್ಡರ್ ಒತ್ತಿದಾಗ ಒಳಗಿನ ರೆಕ್ಕೆ ನಿಧಾನವಾಗುತ್ತದೆ, ಮೂಗು ಬೀಳುತ್ತದೆ, ಮೂಗು ಎತ್ತಲು ಕೈ ತಾನಾಗಿ ಸ್ಟಿಕ್ (ಹಿಡಿಕೋಲು) ಹಿಂದಕ್ಕೆ ಎಳೆಯುತ್ತದೆ. ಆ ರೆಕ್ಕೆ ಸ್ಟಾಲ್ ಆಗಿ (ಎತ್ತುವ ಬಲ ಕಳೆದುಕೊಂಡು) ಸ್ಪಿನ್, ಅಂದರೆ ಗಿರಗಿರನೆ ಸುತ್ತುತ್ತ ಬೀಳುವುದು, ಶುರು. 300 ಅಡಿಯಲ್ಲಿ ಅದರಿಂದ ಹೊರಬರಲು ಎತ್ತರವೇ ಉಳಿದಿರುವುದಿಲ್ಲ. ಸಾಲು ದಾಟಿದರೆ ದಾಟಲಿ, ಮಾಮೂಲಿ ಬ್ಯಾಂಕ್‌ನಲ್ಲೇ (ವಾಲುವಿಕೆಯಲ್ಲೇ) ತಿರುವು ಮುಗಿಸಿ ಮೆಲ್ಲಗೆ ವಾಪಸ್ ಬನ್ನಿ. ಕ್ಯಾನೊಪಿ (ಕಾಕ್‌ಪಿಟ್ಟಿನ ಗಾಜಿನ ಮುಚ್ಚಳ) ಮೇಲೆ ಗಾಳಿಯ ದಿಕ್ಕು ತೋರಿಸುವ ದಾರ ನೇರವಾಗಿರಲಿ. 30 ಡಿಗ್ರಿ ವಾಲಿದರೆ ಸ್ಟಾಲ್ ವೇಗ ಸುಮಾರು 7%, 45ಕ್ಕೆ 19%, 60ಕ್ಕೆ 41% ಏರುತ್ತದೆ. ಆದ್ದರಿಂದ ತಿರುಗುವ ಮೊದಲೇ ಅಪ್ರೋಚ್ ವೇಗ (ಇಳಿಯಲು ಬರುವ ವೇಗ) ಹಿಡಿಯಿರಿ: ಸ್ಟಾಲ್ ವೇಗದ 1.3 ಪಟ್ಟು, ಜೊತೆಗೆ ಎದುರುಗಾಳಿಯ ವೇಗದ ಅರ್ಧ. ನಿಮ್ಮ ಗ್ಲೈಡರಿನ ಕೈಪಿಡಿ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ.

ಮೂಗು ತಗ್ಗಿಸಿದರೆ ವೇಗ ಏರಿ ನೆಲದ ಹತ್ತಿರ ತೇಲಿಕೊಂಡು ಹೋಗುತ್ತೀರಿ. ಎತ್ತರ ಇಳಿಸುವುದು ಏರ್‌ಬ್ರೇಕಿನ (ರೆಕ್ಕೆಯಿಂದ ಎದ್ದು ಗಾಳಿ ತಡೆಯುವ ಫಲಕದ) ಕೆಲಸ. ಅರ್ಧ ತೆರೆದ ಬ್ರೇಕಿನಲ್ಲಿ ಇಳಿಯುವಂತೆ ಲೆಕ್ಕ ಹಾಕಿ, ಆಗ ಎರಡೂ ಕಡೆ ತಿದ್ದಲು ಜಾಗವಿರುತ್ತದೆ. ಇಳಿಯುವ ಗುರಿ ಗಾಜಿನಲ್ಲಿ ಮೇಲಕ್ಕೆ ಸರಿದರೆ ಬ್ರೇಕ್ ಮುಚ್ಚಿ, ಕೆಳಕ್ಕೆ ಸರಿದರೆ ಇನ್ನಷ್ಟು ತೆರೆಯಿರಿ.

ಮೈಸೂರು ಸುಮಾರು 2,500 ಅಡಿ ಎತ್ತರದಲ್ಲಿದೆ. ಎತ್ತರ ತೋರಿಸುವ ಆಲ್ಟಿಮೀಟರನ್ನು ಸಮುದ್ರಮಟ್ಟಕ್ಕೆ ಹೊಂದಿಸಿದ್ದರೆ, ಅದು 3,300 ತೋರಿಸುವಾಗ ನೆಲದಿಂದ ನೀವಿರುವುದು 800 ಅಡಿ ಮಾತ್ರ. ಮಂಡ್ಯದ ಕಡೆ ನೀರು ನಿಂತ ಗದ್ದೆಗಳ ಮೇಲೆ ಮೇಲೇರುವ ಗಾಳಿಯನ್ನು ನಂಬಬೇಡಿ, ಅಲ್ಲಿ ಸರ್ಕ್ಯೂಟ್ (ಇಳಿಯುವ ಮೊದಲು ಸುತ್ತು ಹಾಕುವ ದಾರಿ) ರನ್‌ವೇಗೆ ಹತ್ತಿರವೇ ಇರಲಿ.