ಮಗ-ಸೊಸೆ ಮಕ್ಕಳೇ ಬೇಡ ಅಂದಿದ್ದಾರೆ. ಅವರ ಮನಸ್ಸು ಬದಲಾಗುವವರೆಗೆ ಹೇಗೆ ಕಾಯಲಿ?

ಕಾಯಬೇಡಿ. ಕಾದವಳು ನಾನು, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮದು ಧಾರವಾಡ. ಒಬ್ಬನೇ ಮಗ, ಬೆಂಗಳೂರಿನಲ್ಲಿದ್ದಾನೆ. ಮಕ್ಕಳು ಬೇಡವೆಂದು ಇಬ್ಬರೂ ಯೋಚಿಸಿಯೇ ನಿರ್ಧರಿಸಿ, ನಮ್ಮೆದುರು ಕೂತು ಹೇಳಿದ್ದರು. ಕೇಳಿಸಿಕೊಂಡೆ, ನಂಬಲಿಲ್ಲ. ಮೊಮ್ಮಗುವಿನ ಕೌದಿಗೆಂದು ಹಳೆಯ ಇಳಕಲ್ ಸೀರೆಗಳನ್ನು ಟ್ರಂಕಿನಲ್ಲಿ ಕೂಡಿಡುತ್ತಲೇ ಹೋದೆ.

ತಂಗಿಯ ಮಗಳ ಕುಬಸ, ಅಂದರೆ ಸೀಮಂತ, ಬಂತು. ಯಾರಿಗೂ ಹೇಳದೆ ಸೊಸೆಗೂ ಹಸಿರು ಸೀರೆ ತಂದಿದ್ದೆ. ಬಸುರಿಯ ಪಕ್ಕದಲ್ಲೇ ಮಣೆ ಹಾಕಿ ಅವಳನ್ನು ಕೂರಿಸಿ, ಬಳೆ ಇಡಿಸಿ, ಉಡಿ ತುಂಬಿಸಿಬಿಟ್ಟೆ. "ಮುಂದಿನ ಕುಬಸ ನಿಂದs ಆಗ್ಲಿ" ಎಂದು ಹೆಂಗಸರೆಲ್ಲ ಹರಸಿದರು. ಅವಳು ತಲೆ ಎತ್ತಲಿಲ್ಲ. ರಾತ್ರಿ ಮಗ ಅಂದ: "ಅವ್ವಾ, ಅಷ್ಟು ಮಂದಿ ಮುಂದ ಆಕಿನ್ನ ಬಂಜಿ ಮಾಡಿದಿ."

ಅವನ ಮಾತು ಅರ್ಥವಾಗಲು ನನಗೆ ಬಹಳ ಕಾಲ ಬೇಕಾಯಿತು. ಅವರದು ಇಬ್ಬರೂ ಸೇರಿ ಮಾಡಿದ ತೀರ್ಮಾನ. ನಾನು ಅದನ್ನು ಒಬ್ಬಳ ಮೈಯ ಕೊರತೆ ಮಾಡಿ ಊರಿಗೆ ತೋರಿಸಿದೆ. ಮಗನನ್ನು ಯಾರೂ ಮಣೆ ಮೇಲೆ ಕೂರಿಸಲಿಲ್ಲವಲ್ಲ! ಆಮೇಲೆ ನೆಂಟರು ಅವಳಿಗೆ ಡಾಕ್ಟರ ನಂಬರು ಕಳಿಸತೊಡಗಿದರು, ಹರಕೆ ಹೇಳಿಕೊಟ್ಟರು. ಅವಳು ನಮ್ಮ ಮನೆಗೆ ಬರುವುದನ್ನೇ ಬಿಟ್ಟಳು, ಹಬ್ಬಕ್ಕೂ ಇಲ್ಲ. ಇಲ್ಲದ ಮೊಮ್ಮಗುವಿನ ಆಸೆಗೆ ಇದ್ದ ಸೊಸೆಯನ್ನು ಕಳೆದುಕೊಂಡೆ.

ಮಗನೊಬ್ಬನೇ ದಾರಿ ತಪ್ಪಿದ ಎಂದುಕೊಳ್ಳಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಒಂದೇ ಸಾಕೆಂದು ನಾನು ನಿಲ್ಲಿಸಿದಾಗ ನಮ್ಮತ್ತೆಯೂ ಅತ್ತಿದ್ದರು. ನನ್ನ ತೀರ್ಮಾನ ನನಗೆ ಸರಿಯೆನಿಸಿತ್ತು, ಇವರದು ಇವರಿಗೆ.

ಸತ್ತ ಮೇಲೆ ನೀರು ಬಿಡುವವರಾರು ಎಂಬ ಚಿಂತೆಯೂ ನಿಮಗಿರಬಹುದು. ಮಾಘ ಶುದ್ಧ ಅಷ್ಟಮಿಯಂದು ಮಕ್ಕಳೇ ಇಲ್ಲದ ಭೀಷ್ಮರಿಗೆ ಯಾರ್ಯಾರದೋ ಮನೆಯವರು ತರ್ಪಣ ಕೊಡುತ್ತಾರೆ. ಆ ಚಿಂತೆಯನ್ನು ಮಗನ ಸಂಸಾರದ ಮೇಲೆ ಹೇರಬೇಡಿ.

ದುಃಖವಾಗುತ್ತದೆ, ಇಲ್ಲವೆನ್ನುವುದಿಲ್ಲ. ಓಣಿಯಲ್ಲಿ ತೊಟ್ಟಿಲ ಕಾರ್ಯವಿದ್ದರೆ ನನಗೆ ಇಂದಿಗೂ ಗಂಟಲು ಕಟ್ಟುತ್ತದೆ. ಅತ್ತುಬಿಡಿ, ಗೆಳತಿಯ ಮುಂದೆ ಅಳಿ, ಮಗನ ಮುಂದೆ ಬೇಡ. ಕೂಡಿಟ್ಟದ್ದನ್ನು ಬಳಸಿ. ಆ ಸೀರೆಗಳಲ್ಲಿ ದೊಡ್ಡ ಕೌದಿ ಹೊಲಿದೆ, ನಾವಿಬ್ಬರೇ ಹೊದೆಯುತ್ತೇವೆ. ಸೊಸೆಗೆ ಫೋನು ಮಾಡಿದಾಗ ಅವಳ ಕೆಲಸದ ಬಗ್ಗೆ ಕೇಳಿ, ನಿದ್ದೆ ಸರಿಯಾಗಿದೆಯಾ ಕೇಳಿ. "ಏನಾದರೂ ವಿಶೇಷ?" ಎಂದು ಮಾತ್ರ ಕೇಳಬೇಡಿ.