ಎಲ್ಲರೂ ಅಂಕೋರ್ ವಾಟ್ ನೋಡಲು ಹೋಗುತ್ತಾರೆ, ನಾನು ಹೋಗಿದ್ದು ಒಂದು ಹೊಳೆ ನೋಡಲು

"ಜೀವನದಲ್ಲಿ ಒಂದ್ಸಲ ನೋಡಲೇಬೇಕು ಅಂತ ನೀವು ಕನಸು ಕಂಡ ಜಾಗ ಯಾವುದು? ಅಲ್ಲಿ ಏನೇನು ನೋಡಬಹುದು?" ಅಂತ ಕೇಳಿದ್ದೀರಿ. ನಂದು ಕಾಂಬೋಡಿಯಾ. ಆ ಹೆಸರು ಹೇಳಿದ ಕೂಡಲೇ ಎಲ್ಲರಿಗೂ ನೆನಪಾಗುವುದು ಅಂಕೋರ್ ವಾಟ್, ಬೆಳಗಿನ ಜಾವ ಕೊಳದಲ್ಲಿ ಐದು ಗೋಪುರದ ಬಿಂಬ ಬೀಳುವ ಆ ಫೋಟೊ. ಅದನ್ನೂ ನೋಡಿದೆ. ಆದರೆ ನನ್ನ ತಲೆಯಲ್ಲಿ ಹತ್ತು ಹದಿನೈದು ವರ್ಷ ಕೂತಿದ್ದು ಅದಲ್ಲ. ಅಲ್ಲೇ ಹತ್ತಿರದ ಬೆಟ್ಟದ ಕಾಡಿನೊಳಗೆ ಹರಿಯುವ ಒಂದು ಸಣ್ಣ ಹೊಳೆ. ಹೆಸರು ಕ್ಬಾಲ್ ಸ್ಪಿಯನ್.

ನಾನು ಶಿರಸಿ ಕಡೆಯವನು. ನಮ್ಮ ಶಾಲ್ಮಲಾ ಹೊಳೆಯ ಸಹಸ್ರಲಿಂಗ ಗೊತ್ತಿರಬಹುದು ನಿಮಗೆ, ಹೊಳೆ ಮಧ್ಯದ ಬಂಡೆಗಳ ಮೇಲೆಲ್ಲ ಲಿಂಗ, ಅದರ ಮುಂದೆ ಬಸವ. ಸೋದೆಯ ಅರಸ ಸದಾಶಿವರಾಯ ಕೆತ್ತಿಸಿದ್ದು ಅಂತ ಹೇಳುತ್ತಾರೆ, ಅಂದರೆ ಸುಮಾರು ಮುನ್ನೂರು ವರ್ಷದ ಹಿಂದೆ. ಶಿವರಾತ್ರಿಗೆ ಮನೆಮಂದಿಯೆಲ್ಲ ಹೋಗುತ್ತಿದ್ದೆವು. ಬಸವನ ಬೆನ್ನಿನ ಮೇಲೆ ಕಾಲಿಟ್ಟು ಆ ಕಡೆ ಬಂಡೆಗೆ ಹಾರಿ ಬೆನ್ನಿಗೆ ಗುದ್ದು ತಿಂದದ್ದು ಇನ್ನೂ ನೆನಪಿದೆ. ಇಡೀ ಜಗತ್ತಿನಲ್ಲಿ ಇಂಥದ್ದು ನಮ್ಮಲ್ಲಿ ಮಾತ್ರ ಇರೋದು ಅಂತ ಬಹಳ ವರ್ಷ ನಂಬಿದ್ದೆ. ಕಾಲೇಜಿನಲ್ಲಿದ್ದಾಗ ಒಂದು ಹಳೇ ಪತ್ರಿಕೆಯಲ್ಲಿ ನೀರಿನಡಿ ಲಿಂಗಗಳಿರುವ ಫೋಟೊ ನೋಡಿ, ಓ ನಮ್ಮ ಸಹಸ್ರಲಿಂಗ, ಅಂತ ಕೆಳಗೆ ಓದಿದರೆ ಕಾಂಬೋಡಿಯಾ ಅಂತ ಇದೆ! ಅದೂ 11ನೇ ಶತಮಾನದ್ದು. ನಮ್ಮದಕ್ಕಿಂತ ಆರುನೂರು ವರ್ಷ ಹಳೆಯದು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಅನ್ನಿ.

ಕಡೆಗೂ ಒಂದು ನವೆಂಬರ್‌ನಲ್ಲಿ ಹೋದೆ, ಆಯಿಯನ್ನು, ಅಂದರೆ ಅಮ್ಮನನ್ನು, ಕರೆದುಕೊಂಡು. ತಿಂಗಳು ಮುಖ್ಯ. ಅಲ್ಲಿ ಮಳೆಗಾಲ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ನವೆಂಬರ್‌ನಲ್ಲಿ ಮಳೆ ನಿಂತಿರುತ್ತದೆ, ಹೊಳೆಯಲ್ಲಿ ನೀರು ಇನ್ನೂ ಇರುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಹೋದರೆ ಒಣ ಬಂಡೆ ನೋಡಿ ಬರಬೇಕು, ಮೇಲಿಂದ ಕೆಟ್ಟ ಸೆಖೆ.

ಇಳಿದುಕೊಳ್ಳುವ ಊರು ಸಿಯೆಮ್ ರೀಪ್. ಅಲ್ಲಿಂದ ಕ್ಬಾಲ್ ಸ್ಪಿಯನ್‌ಗೆ ಸುಮಾರು 50 ಕಿ.ಮೀ. ಟುಕ್‌ಟುಕ್‌ನವರು ಬರುತ್ತಾರೆ, ಆದರೆ ವಯಸ್ಸಾದವರು ಜೊತೆಗಿದ್ದರೆ ಕಾರೇ ಮಾಡಿಕೊಳ್ಳಿ. ದಾರಿಯಲ್ಲಿ ಪ್ರೇಹ್ ಡಾಕ್ ಅಂತ ಒಂದು ಹಳ್ಳಿ. ರಸ್ತೆ ಬದಿಯಲ್ಲೇ ಸಾಲಾಗಿ ಮಣ್ಣಿನ ಒಲೆ, ಒಲೆ ಮೇಲೆ ದೊಡ್ಡ ಬಾಣಲೆ, ಅದರಲ್ಲಿ ತಾಳೆ ಮರದ ರಸ ಕುದಿಯುತ್ತಿರುತ್ತದೆ. ಆಯಿ ಕಾರು ನಿಲ್ಲಿಸಿಬಿಟ್ಟಳು. ಆಲೆಮನೆ ನೋಡಿ ಬೆಳೆದವಳಿಗೆ ಆ ವಾಸನೆ ಸಾಕಲ್ವಾ. ಅಲ್ಲಿದ್ದ ಹೆಂಗಸು ಸೌಟಿನಲ್ಲಿ ಎತ್ತಿ ಪಾಕ ನೋಡುತ್ತಿದ್ದಳು. ಆಯಿ ಬಗ್ಗಿ ನೋಡಿ, ಇನ್ನೂ ಆಗಿಲ್ಲ ಅಂತ ಕೈಯಲ್ಲೇ ಸನ್ನೆ ಮಾಡಿದಳು. ಆ ಹೆಂಗಸು ನಕ್ಕು ಹೌದು ಅಂತ ತಲೆ ಆಡಿಸಿದಳು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ಬರುವುದಿಲ್ಲ, ಆದರೂ ಅರ್ಧ ಗಂಟೆ ಬೆಲ್ಲದ ಬಗ್ಗೆ ಮಾತಾಡಿದರು. ಪಾಕ ಬಂದ ಮೇಲೆ ತಾಳೆಗರಿಯ ಸಣ್ಣ ಬಳೆಗಳ ಒಳಗೆ ಹೊಯ್ದು ಬಿಲ್ಲೆ ಮಾಡುತ್ತಾರೆ, ಆರಿದ ಮೇಲೆ ಗರಿಯಲ್ಲೇ ಸುತ್ತಿ ಕೊಡುತ್ತಾರೆ. ನಾಲ್ಕು ಸುತ್ತು ತಗೊಂಡೆವು. ಊರಿಗೆ ಬಂದ ಮೇಲೆ ದೋಸೆಗೆ ಹಾಕಿ ತಿಂದು ಆಯಿ ಕೊಟ್ಟ ತೀರ್ಪು: ಚೆನ್ನಾಗಿದೆ, ಆದರೆ ಜೋನಿಬೆಲ್ಲದ ಮುಂದೆ ಅಲ್ಲ.

ಕಾರು ಬೆಟ್ಟದ ಬುಡದವರೆಗೆ ಮಾತ್ರ. ಅಲ್ಲಿಂದ ಒಂದೂವರೆ ಕಿ.ಮೀ. ನಡೆದು ಹತ್ತಬೇಕು, ಮುಕ್ಕಾಲು ಗಂಟೆ ಹಿಡಿಯುತ್ತದೆ. ಬೇರು, ಬಂಡೆ, ಕೆಲವು ಕಡೆ ಮರದ ಮೆಟ್ಟಿಲು. ಬೆಳಗ್ಗೆಯೇ ಹೋಗಿ, ಮಧ್ಯಾಹ್ನ ಮೂರರ ಮೇಲೆ ಹತ್ತಲು ಬಿಡುವುದಿಲ್ಲ. ಇನ್ನೊಂದು ಮಾತು, ಕಾಲುದಾರಿ ಬಿಟ್ಟು ಕಾಡಿನೊಳಗೆ ಹೋಗಬೇಡಿ. ಯುದ್ಧದ ಕಾಲದಲ್ಲಿ ಆ ದೇಶದ ತುಂಬಾ ನೆಲಬಾಂಬ್ ಹುಗಿದಿದ್ದರು, ಈ ಬೆಟ್ಟವೂ ಬಹಳ ವರ್ಷ ಯಾರಿಗೂ ಹೋಗಲಾಗದ ಜಾಗವಾಗಿತ್ತು. ಹೊರಗಿನ ಜಗತ್ತಿಗೆ ಈ ಹೊಳೆ ಗೊತ್ತಾಗಿದ್ದೇ 1960ರ ದಶಕದ ಕೊನೆಗೆ, ಜಾನ್ ಬುಲ್ಬೆ ಅನ್ನುವ ಫ್ರೆಂಚ್ ಸಂಶೋಧಕನಿಂದ. ಗೊತ್ತಾದ ಸ್ವಲ್ಪ ದಿನಕ್ಕೇ ಯುದ್ಧ ಶುರುವಾಯಿತು.

ಮೇಲೆ ಹೋದರೆ ಮೊದಲು ಏನೂ ಕಾಣಿಸುವುದಿಲ್ಲ. ನಮ್ಮ ಕಡೆಯ ಯಾವುದೋ ಹಳ್ಳದ ಹಾಗೆ, ಮೊಣಕಾಲುದ್ದ ನೀರು. ಬಗ್ಗಿ ನೋಡಬೇಕು. ಆಗ ನೀರಿನ ತಳದಲ್ಲಿ ಸಾಲು ಸಾಲಾಗಿ ಲಿಂಗಗಳು, ಚೌಕಾಬಾರ ಮನೆ ಬರೆದ ಹಾಗೆ ಲೆಕ್ಕವಾಗಿ. ನಮ್ಮಲ್ಲಿ ಒಂದೊಂದು ಬಂಡೆಗೆ ಒಂದೊಂದು ಲಿಂಗ, ತಲೆ ಎತ್ತಿ ನಿಂತಿರುತ್ತದೆ. ಇಲ್ಲಿ ಹೊಳೆಯ ನೆಲವನ್ನೇ ಕೆತ್ತಿದ್ದಾರೆ. ಬದಿಯ ಬಂಡೆಯಲ್ಲಿ ಶೇಷನ ಮೇಲೆ ಮಲಗಿದ ವಿಷ್ಣು, ಕಾಲ ಬಳಿ ಲಕ್ಷ್ಮಿ, ಹೊಕ್ಕುಳಿನ ಕಮಲದಲ್ಲಿ ಬ್ರಹ್ಮ. ಕೆಲವು ಕಡೆ ಕಳ್ಳರು ಉಳಿ ಹಾಕಿ ಕಿತ್ತ ಗುರುತೂ ಇದೆ. ಈ ನೀರು ಲಿಂಗಗಳ ಮೇಲೆ ಹರಿದು, ಸಿಯೆಮ್ ರೀಪ್ ಹೊಳೆ ಸೇರಿ, ಕೆಳಗೆ ಆಗಿನ ರಾಜಧಾನಿ ಅಂಕೋರ್‌ನ ಕೆರೆಗಳಿಗೆ, ಗದ್ದೆಗಳಿಗೆ ಹೋಗುತ್ತದೆ. ರಾಜಧಾನಿಗೆ ಹೋಗುವ ನೀರಿಗೆ ಮೊದಲು ಅಭಿಷೇಕ ಮಾಡಿಸಿ ಕಳಿಸುವ ಏರ್ಪಾಡು. ಇದನ್ನು ಹೇಳಿದ್ದಕ್ಕೆ ಆಯಿ, "ಹಂಗಾರೆ ಇಡೀ ಹೊಳೆನೇ ತೀರ್ಥ" ಅಂದಳು. ಕೆತ್ತನೆ ಮುಟ್ಟುವ ಹಾಗಿಲ್ಲ. ಕೆಳಗೆ ಸಣ್ಣ ಅಬ್ಬಿ ಬೀಳುವ ಜಾಗಕ್ಕೆ ಹೋಗಿ ಒಂದು ಬೊಗಸೆ ನೀರು ತಲೆಗೆ ಹಾಕಿಕೊಂಡಳು, ನನ್ನ ತಲೆಗೂ ಹಾಕಿದಳು. ಪಕ್ಕದಲ್ಲಿ ಈಜುಡುಗೆ ಹಾಕಿಕೊಂಡ ಇಬ್ಬರು ಬಿಳಿಯರು ಅದೇ ನೀರಿನಲ್ಲಿ ಫೋಟೊ ತೆಗೆದುಕೊಳ್ಳುತ್ತಿದ್ದರು.

ವಾಪಸ್ ಬರುವಾಗ ದಾರಿಯಲ್ಲೇ ಬಂತೆಯ್ ಸ್ರೇ. ಇದನ್ನು ಬಿಡಲೇಬೇಡಿ. 967ರಲ್ಲಿ ಪ್ರತಿಷ್ಠೆಯಾದ ಶಿವನ ಗುಡಿ, ರಾಜ ಕಟ್ಟಿಸಿದ್ದಲ್ಲ, ಯಜ್ಞವರಾಹ ಅನ್ನುವ ರಾಜಗುರು ಕಟ್ಟಿಸಿದ್ದು. ಸಣ್ಣ ಗುಡಿ. ಆದರೆ ಆ ಗುಲಾಬಿ ಬಣ್ಣದ ಮರಳುಗಲ್ಲಿನ ಕೆಲಸ ನೋಡಿದರೆ ನಮ್ಮ ಬೇಲೂರು ಹಳೇಬೀಡಿನವರೂ ಒಂದು ನಿಮಿಷ ನಿಂತು ನೋಡಬೇಕು. ಬಾಗಿಲ ಮೇಲಿನ ತ್ರಿಕೋನದಲ್ಲಿ ಕೈಲಾಸ ಅಲ್ಲಾಡಿಸುವ ರಾವಣ, ಇನ್ನೊಂದು ಕಡೆ ವಾಲಿ ಸುಗ್ರೀವರ ಕುಸ್ತಿ. ಮಳೆಯನ್ನು ಓರೆಗೆರೆಗಳಾಗಿ ಕೆತ್ತಿದ್ದಾರೆ, ಕಲ್ಲಿನಲ್ಲಿ ಮಳೆ ನಾನು ಬೇರೆಲ್ಲೂ ನೋಡಿಲ್ಲ. ನನಗೆ ಇನ್ನೊಂದು ಖುಷಿ, ಸುತ್ತಿನ ಗೋಡೆ ಪೂರ್ತಿ ನಮ್ಮ ಚಿರೇಕಲ್ಲು. ಹೊನ್ನಾವರ ಕುಮಟಾ ಕಡೆ ಕಾಂಪೌಂಡಿಗೆ ಹಾಕುತ್ತಾರಲ್ಲ, ಅದೇ ತೂತು ತೂತು ಕೆಂಪು ಕಲ್ಲು. 1923ರಲ್ಲಿ ಆಂದ್ರೆ ಮಾಲ್ರೋ ಅನ್ನುವ ಫ್ರೆಂಚ್ ಯುವಕ ಇಲ್ಲಿಂದ ದೇವತೆಯರ ವಿಗ್ರಹ ಕಿತ್ತುಕೊಂಡು ಹೋಗಿ ಸಿಕ್ಕಿಬಿದ್ದಿದ್ದ. ಮುಂದೆ ಅವನೇ ಫ್ರಾನ್ಸಿನ ಸಂಸ್ಕೃತಿ ಮಂತ್ರಿ ಆದ!

ಇನ್ನು ಅಂಕೋರ್ ವಾಟ್. ಸೂರ್ಯೋದಯಕ್ಕೆ ಹೋಗಿ, ಬೇಡ ಅನ್ನಲ್ಲ. ಆದರೆ ನಾಲ್ಕೂವರೆಗೆ ಎದ್ದು ಹೋದರೂ ಕೊಳದ ಮುಂದೆ ಜಾತ್ರೆ, ಎಲ್ಲರ ಕೈಯಲ್ಲೂ ಮೊಬೈಲು, ನಿಮಗೆ ಕಾಣುವುದು ಮುಂದಿನವನ ಮೊಬೈಲಿನಲ್ಲಿ ಹುಟ್ಟುವ ಸೂರ್ಯ. ನನ್ನ ಪ್ರಕಾರ ನಿಜವಾಗಿ ನೋಡಬೇಕಾದ್ದು ಆಮೇಲೆ. ಬೆಳಕಾದ ಕೂಡಲೇ ಜನರೆಲ್ಲ ತಿಂಡಿಗೆ ಹೋಗುತ್ತಾರೆ. ಆ ಹೊತ್ತಿಗೆ ಒಳಗಿನ ಮೊಗಸಾಲೆಗೆ ನುಗ್ಗಿ. ಎರಡನೇ ಸೂರ್ಯವರ್ಮ 12ನೇ ಶತಮಾನದಲ್ಲಿ ವಿಷ್ಣುವಿಗೆ ಅಂತ ಕಟ್ಟಿಸಿದ್ದು, ಗುಡಿಯ ಮುಖ ಪಶ್ಚಿಮಕ್ಕೆ. ಮೊಗಸಾಲೆಯ ಗೋಡೆ ಉದ್ದಕ್ಕೂ ಉಬ್ಬುಕೆತ್ತನೆ.

ಪಶ್ಚಿಮದ ಗೋಡೆಯಲ್ಲಿ ಕುರುಕ್ಷೇತ್ರ. ಎಡದಿಂದ ಕೌರವರು, ಬಲದಿಂದ ಪಾಂಡವರು, ಮಧ್ಯದಲ್ಲಿ ಎಲ್ಲ ಕಲಸಿಹೋದ ಕಾಳಗ. ನಮ್ಮ ಮನೆಯಲ್ಲಿ ಯಕ್ಷಗಾನ, ತಾಳಮದ್ದಳೆ ಜಾಸ್ತಿ. ಶರಶಯ್ಯೆಯಲ್ಲಿ ಮಲಗಿದ ಭೀಷ್ಮನನ್ನು ಆಯಿ ನನಗಿಂತ ಮೊದಲೇ ಹಿಡಿದಳು. ಪೂರ್ವದ ಕಡೆ ಸಮುದ್ರ ಮಥನ, 49 ಮೀಟರ್ ಉದ್ದ ಒಂದೇ ಚಿತ್ರ. 92 ಅಸುರರು, 88 ದೇವತೆಗಳು, ನಡುವೆ ವಿಷ್ಣು, ಕೆಳಗೆ ಆಮೆ. ಸಮುದ್ರದ ಮೀನು ಮೊಸಳೆಗಳನ್ನು ಗಮನಿಸಿ. ತುದಿಗಳಲ್ಲಿ ಆರಾಮಾಗಿ ಈಜುತ್ತಿರುತ್ತವೆ, ಕಡೆಗೋಲಿನ ಹತ್ತಿರ ಬಂದ ಹಾಗೆ ತುಂಡು ತುಂಡು. ನೀರಿನ ರಭಸಕ್ಕೆ! ದೇವತೆಗಳ ಕಡೆ ಹಾವಿನ ಬಾಲ ಹಿಡಿದಿರುವುದು ಒಂದು ದೊಡ್ಡ ಕೋತಿ. ಹನುಮಂತ ಅಂತ ಕೆಲವರು, ಸುಗ್ರೀವ ಅಂತ ಕೆಲವರು. ಸಮುದ್ರ ಮಥನಕ್ಕೆ ಹನುಮಂತ ಎಲ್ಲಿಂದ ಬಂದ ಅಂತ ಆಯಿ ಅಲ್ಲೇ ವಾದಕ್ಕೆ ನಿಂತಳು. ಪಾಪ, ಗೈಡು ಹುಡುಗನಿಗೆ ತಾಳಮದ್ದಳೆ ಅರ್ಥಧಾರಿಯ ಕೈಗೆ ಸಿಕ್ಕ ಅನುಭವ.

ಉಳಿದದ್ದು ಬೇಗ ಹೇಳುತ್ತೇನೆ. ಬಯೋನ್ ಗುಡಿಯಲ್ಲಿ ಎಲ್ಲರೂ ಮೇಲಿನ ಕಲ್ಲಿನ ಮುಖಗಳ ಜೊತೆ ಸೆಲ್ಫಿ ತೆಗೆದುಕೊಂಡು ಇಳಿದುಬಿಡುತ್ತಾರೆ. ಕೆಳಗಿನ ಹೊರಗೋಡೆ ಸುತ್ತಿ ಬನ್ನಿ: ಸಂತೆ, ಅಡುಗೆ, ಹೆರಿಗೆ, ಕೋಳಿ ಅಂಕ, ಎಲ್ಲ ಇದೆ, ದೇವರಿಗಿಂತ ಜನರೇ ಹೆಚ್ಚು. ತಾ ಪ್ರೋಮ್ ಅಂದರೆ ಮರದ ಬೇರುಗಳು ಗುಡಿಯನ್ನು ಅಪ್ಪಿ ಹಿಡಿದಿರುವ ಜಾಗ. ಪಾಳು ಗುಡಿ ಮೇಲೆ ಬಸರಿ ಮರ ಬೆಳೆದಿದ್ದು ನೋಡಿದವರಿಗೆ ಅಂಥ ಆಶ್ಚರ್ಯವಿಲ್ಲ, ಅಳತೆ ದೊಡ್ಡದು ಅಷ್ಟೆ. ಅಲ್ಲಿ ಬಹಳ ಕೆಲಸ ಮಾಡಿರುವುದು ನಮ್ಮ ಭಾರತೀಯ ಪುರಾತತ್ವ ಇಲಾಖೆ. ತೇಲುವ ಹಳ್ಳಿಗಳ ದೋಣಿ ಪ್ರವಾಸ ನನಗೆ ಹಿಡಿಸಲಿಲ್ಲ, ಬೇರೆಯವರ ಮನೆ ಜಗಲಿ ಇಣುಕಿ ನೋಡಲು ದುಡ್ಡು ಕೊಟ್ಟ ಹಾಗನ್ನಿಸಿತು.

ಖರ್ಚಿನ ವಿಷಯ. ನಾವು ಹೋದಾಗ ಅಂಕೋರ್ ಪಾಸ್, ಅಂದರೆ ಈ ಗುಡಿಗಳನ್ನೆಲ್ಲ ನೋಡುವ ಟಿಕೆಟ್, ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ಮೂರು ದಿನದ್ದೇ ತಗೊಳ್ಳಿ. ಹತ್ತು ದಿನದೊಳಗೆ ಯಾವ ಮೂರು ದಿನ ಬೇಕಾದರೂ ಬಳಸಬಹುದು, ಕ್ಬಾಲ್ ಸ್ಪಿಯನ್ ಮತ್ತು ಬಂತೆಯ್ ಸ್ರೇ ಎರಡೂ ಅದರಲ್ಲೇ ಬರುತ್ತವೆ. ಭುಜ ಮತ್ತು ಮಂಡಿ ಮುಚ್ಚುವ ಬಟ್ಟೆ ಇರಲಿ, ಇಲ್ಲದಿದ್ದರೆ ಅಂಕೋರ್ ವಾಟ್‌ನ ಮೇಲಿನ ಅಂತಸ್ತಿಗೆ ಬಿಡುವುದಿಲ್ಲ. ಬೆಂಗಳೂರಿಂದ ಬ್ಯಾಂಕಾಕ್, ಕೌಲಾಲಂಪುರ ಅಥವಾ ಸಿಂಗಾಪುರದಲ್ಲಿ ವಿಮಾನ ಬದಲಿಸಿ ಹೋಗಬಹುದು. 2023ರಲ್ಲಿ ಶುರುವಾದ ಹೊಸ ಏರ್‌ಪೋರ್ಟ್ ಊರಿನಿಂದ 40 ಕಿ.ಮೀ.ಗಿಂತ ದೂರ, ಟ್ಯಾಕ್ಸಿ ಖರ್ಚು ಸೇರಿಸಿಕೊಳ್ಳಿ. ಥಾಯ್ಲೆಂಡಿನಿಂದ ರಸ್ತೆಯಲ್ಲಿ ಹೋಗುವ ಯೋಚನೆ ಇದ್ದರೆ ಜಾಗ್ರತೆ. 2025ರಲ್ಲಿ ಎರಡೂ ದೇಶಗಳ ಮಧ್ಯೆ ಗುಂಡಿನ ಕಾಳಗ ಆಗಿ ಗಡಿ ಮುಚ್ಚಿದ್ದರು, ಈಗ ಹೇಗಿದೆ ಅಂತ ವಿಚಾರಿಸಿಯೇ ಟಿಕೆಟ್ ಮಾಡಿ.

ಎಲ್ಲ ಕಡೆ ಡಾಲರ್ ನಡೆಯುತ್ತದೆ, ಆದರೆ ನೋಟು ಹೊಸದಿರಬೇಕು. ಇಲ್ಲಿಂದ ಬದಲಿಸಿಕೊಂಡು ಹೋದ ಒಂದು 50ರ ನೋಟಿನ ಅಂಚು ಬೆರಳ ಉಗುರಿನಷ್ಟು ಹರಿದಿತ್ತು, ಐದು ದಿನ ಓಡಾಡಿದರೂ ಒಬ್ಬರೂ ಮುಟ್ಟಲಿಲ್ಲ. ಕೊಡುವವನು ನಗುನಗುತ್ತಾ ಕೊಟ್ಟಿದ್ದ. ಚಿಲ್ಲರೆಗೆ ಅವರದೇ ರಿಯಲ್ ಕೊಡುತ್ತಾರೆ, ಡಾಲರಿಗೆ ಸುಮಾರು 4000. ಸಾವಿರದ ನೋಟು ಕೈಗೆ ಬಂದಾಗ ಆಯಿ ಕನ್ನಡಕ ಏರಿಸಿ, "ತಮಾ, ಇದು ಕನ್ನಡ ಅಲ್ದ?" ಅಂದಳು. ನೋಡಿದರೆ ಹೌದು, ೧೦೦೦! ಅವರ ಖ್ಮೇರ್ ಭಾಷೆಯ ಒಂದು, ಎರಡು, ಮೂರು ಹೆಚ್ಚುಕಡಿಮೆ ನಮ್ಮ ಅಂಕಿಗಳ ಹಾಗೇ ಇವೆ. ಅಲ್ಲಿಂದ ಮುಂದೆ ಕೈಕೊಡುತ್ತವೆ, ಐದು ಸಾವಿರದ ನೋಟಿನಲ್ಲಿ ಮೋಸ ಹೋಗಬೇಡಿ.

ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ. ತರಕಾರಿ ಪಲ್ಯ ಅಂತ ತಂದಿಟ್ಟರೂ ಅದರಲ್ಲಿ ಮೀನಿನ ಸಾಸ್ ಇರುತ್ತದೆ, ಮೊದಲೇ ಬಿಡಿಸಿ ಹೇಳಬೇಕು. ಬಾಳೆ ಎಲೆಯಲ್ಲಿ ತೆಂಗಿನ ಹಾಲು ಹಾಕಿ ಬೇಯಿಸುವ ಅಮೋಕ್ ಅನ್ನೋದು ಮೀನಿನ ಬದಲು ತೋಫು ಹಾಕಿಯೂ ಸಿಗುತ್ತದೆ, ನನಗೆ ಇಷ್ಟವಾಯಿತು. ಆಯಿ ಮುಟ್ಟಲಿಲ್ಲ. ಮನೆಯಿಂದ ತಂದ ಅಪ್ಪೆಮಿಡಿ ಉಪ್ಪಿನಕಾಯಿ, ಅವಲಕ್ಕಿ, ಅಲ್ಲಿನ ಬಿಳಿ ಅನ್ನ, ಬಾಳೆಹಣ್ಣು, ಇಷ್ಟರಲ್ಲೇ ಆರು ದಿನ ಕಳೆದಳು.

ಇಷ್ಟೆಲ್ಲ ಓದಿ ಕ್ಬಾಲ್ ಸ್ಪಿಯನ್ ನೋಡಬೇಕು ಅನ್ನಿಸಿದರೆ, ಪಾಸ್‌ಪೋರ್ಟ್ ಆಗುವುದರೊಳಗೆ ಒಮ್ಮೆ ನಮ್ಮ ಕಡೆ ಬನ್ನಿ. ಶಿರಸಿ ಯಲ್ಲಾಪುರ ರಸ್ತೆಯಲ್ಲಿ ಹೋಗಿ ಹುಳಗೋಳದ ಹತ್ತಿರ ಇಳಿಯಬೇಕು. ಮಳೆಗಾಲದಲ್ಲಿ ಬೇಡ, ಹೊಳೆ ತುಂಬಿ ಲಿಂಗಗಳೆಲ್ಲ ಮುಳುಗಿರುತ್ತವೆ, ಸೆಳೆತವೂ ಜಾಸ್ತಿ. ಡಿಸೆಂಬರ್ ಮೇಲೆ ಬನ್ನಿ. ಬಸವನ ಮೇಲೆ ಮಾತ್ರ ಕಾಲಿಡಬೇಡಿ.